ಮಡ್‌ಗಾರ್ಡ್ ಯಾರ ಸಲುವಾಗಿ?

ಅಗಲ ಗಾಲಿಯ ಕಾರುಗಳು ಈಗ ನಮ್ಮ ಚಿಂಚೋಳಿ ತಾಲ್ಲೂಕಿಗೂ ಬಂದಿವೆ. ಮದುವೆಗೋ ಜಾತ್ರೆಗೋ ಐನಾಪುರಕ್ಕೆ ಹೋದಾಗ ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ. ಹಳೇ ಹ್ಯಾಚ್‌ಬ್ಯಾಕ್ ಕಾರು, ಅದಕ್ಕೆ ಹೊಸ ಅಲಾಯ್, ಅಳತೆ ಮೀರಿದ ಟೈರ್. ಹಿಂದಿನ ಮಡ್‌ಗಾರ್ಡ್ ನೋಡಿದರೆ ಎಲ್ಲೋ ಕೊರೆದದ್ದು, ಎಲ್ಲೋ ಬಡಿದು ಹೊರಗೆ ಎಳೆದದ್ದು ಗೊತ್ತಾಗುತ್ತೆ. ಹುಡುಗರು ಸುತ್ತ ನಿಂತು ಮೊಬೈಲಲ್ಲಿ ಫೋಟೋ ತೆಗೀತಿರ್ತಾರೆ. ಎಲ್ಲಾ ಫೋಟೋ ಪಕ್ಕದಿಂದಲೇ. ಹಿಂದೆ ಹೋಗಿ ನಿಂತು ತೆಗೆದವರನ್ನು ನಾನು ಕಂಡಿಲ್ಲ.

ಈ ಬರಹ ಆ ಕೆಲಸದ ವಿಮರ್ಶೆ. ನಾನು ಬಿ.ಇ. ಮುಗಿಸಿ ಬೆಂಗಳೂರಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯೋ ಮನುಷ್ಯ, ಟಿಂಕರಿಂಗ್ ಕೆಲಸ ಕಲಿತವನಲ್ಲ. ಆದರೆ ಸಿನಿಮಾ ವಿಮರ್ಶೆ ಬರೆಯೋರೆಲ್ಲ ಸಿನಿಮಾ ತೆಗೆದವರಲ್ಲ ಅಲ್ವಾ. ಕತೆ, ಹಾಡು, ನಾಟಕ ಇವನ್ನು ನಾವು ಚರ್ಚೆ ಮಾಡ್ತೀವಿ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ತಗಡು ಬಡಿದು ಮಾಡಿದ ಕೆಲಸವನ್ನು ಮಾತ್ರ "ಮಸ್ತ್ ಐತಿ" ಅಂತಲೋ "ಶೋಕಿ" ಅಂತಲೋ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಅದೂ ಒಂದು ಕಸುಬು. ಅದರಲ್ಲೂ ಒಳ್ಳೇದು ಕೆಟ್ಟದ್ದು ಇದೆ.

ಮೊದಲು ಕೆಲಸ ಏನು ಅಂತ ನೋಡೋಣ. ಕಾರಿನ ಮುಂದಿನ ಮಡ್‌ಗಾರ್ಡ್ ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಕೆಟ್ಟರೆ ಹೊಸದು ತಂದು ಹಾಕಬಹುದು. ಹಿಂದಿನದು ಹಾಗಲ್ಲ. ಈಗಿನ ಬಹುತೇಕ ಕಾರುಗಳಲ್ಲಿ ಅದು ಬಾಡಿಯ ಭಾಗವೇ. ಹಿಂದಿನ ಬಾಗಿಲಿನಿಂದ ಡಿಕ್ಕಿವರೆಗೆ ಒಂದೇ ಹಾಳೆ. ಗಾಲಿಯ ಮೇಲಿನ ಕಮಾನಿನಲ್ಲಿ ಆ ಹೊರಗಿನ ಹಾಳೆಯೂ ಒಳಗಿನ ಬಟ್ಟಲಿನಂಥ ಹಾಳೆಯೂ ಸೇರಿ, ಅಂಚು ಒಳಕ್ಕೆ ಮಡಚಿ, ಸ್ಪಾಟ್ ವೆಲ್ಡಿಂಗ್ ಆಗಿರುತ್ತವೆ. ಕೈ ಹಾಕಿ ಮುಟ್ಟಿದರೆ ಆ ಮಡಿಕೆ ಬೆರಳಿಗೆ ಸಿಗುತ್ತೆ. ಅಗಲದ ಟೈರಿಗೆ ಮೊದಲು ತಾಗೋದು ಅದೇ.

ಈಗ ಸ್ವಲ್ಪ ಲೆಕ್ಕ. 5 ಇಂಚು ಅಗಲದ ರಿಮ್ ತೆಗೆದು 7 ಇಂಚಿನದು ಹಾಕಿದಿರಿ ಅನ್ನಿ. ಒಂದಿಂಚು ಒಳಗೆ, ಒಂದಿಂಚು ಹೊರಗೆ. ಅಂದರೆ ಹೊರಗೆ 25.4 ಮಿಲಿಮೀಟರ್. ಅದರ ಜತೆ ರಿಮ್ಮಿನ ಆಫ್‌ಸೆಟ್ 45ರಿಂದ 25ಕ್ಕೆ ಇಳಿದರೆ ಇನ್ನೂ 20 ಮಿಲಿಮೀಟರ್ ಹೊರಗೆ. ಒಟ್ಟು 45.4. ಒಳಗಡೆ ಮಾತ್ರ ಬರೀ 5.4. ಅಂಗಡಿಯಲ್ಲಿ "ಎರಡಿಂಚು ಅಗಲ" ಅಂತ ಹೇಳಿದ್ದು ಕಮಾನಿನ ಹತ್ತಿರ ಬಂದಾಗ ಒಂದೇ ಬದಿಗೆ ನಾಲ್ಕೂವರೆ ಸೆಂಟಿಮೀಟರ್ ಆಗಿರುತ್ತೆ. ಅಷ್ಟು ಜಾಗ ಯಾವ ಸಣ್ಣ ಕಾರಿನಲ್ಲೂ ಖಾಲಿ ಇರೋದಿಲ್ಲ.

ಜಾಗ ಮಾಡೋಕೆ ಮೂರು ದಾರಿ. ಮೊದಲನೇದು, ಅಂಚಿನ ಮಡಿಕೆಯನ್ನು ಮೇಲಕ್ಕೆ ಒತ್ತಿ ಮಲಗಿಸೋದು. ಗಾಲಿ ಬಿಚ್ಚಿ, ಆ ಹಬ್ಬಿಗೆ ರೋಲರ್ ಕಟ್ಟಿ, ಬಿಸಿಗಾಳಿ ಹೊಡೆದು ಪೇಂಟ್ ಮೆತ್ತಗೆ ಮಾಡ್ಕೊಂಡು, ಒಂದೊಂದೇ ಸುತ್ತು ಒತ್ತುತ್ತಾ ಹೋಗಬೇಕು. ಸಿಗೋ ಜಾಗ ಸುಮಾರು ಒಂದು ಸೆಂಟಿಮೀಟರ್. ಎರಡನೇದು, ಅದೇ ರೋಲರಿನಿಂದ ಇಡೀ ಕಮಾನನ್ನು ಹೊರಗೆ ಎಳೆಯೋದು. ಇಲ್ಲಿ ತಗಡು ಹಿಗ್ಗುತ್ತೆ, ಕೈ ತಪ್ಪಿದರೆ ಅಲೆ ಅಲೆಯಾಗಿ ನಿಲ್ಲುತ್ತೆ. ಮೂರನೇದು ಕೊರೆಯೋದು. ಕಮಾನು ಕತ್ತರಿಸಿ, ಒಳಗಿನ ಹಾಳೆ ಹೊರಗಿನ ಹಾಳೆ ಮತ್ತೆ ಸೇರಿಸಿ ವೆಲ್ಡ್ ಮಾಡಿ, ಸಂದಿಗೆ ಸೀಲರ್ ತುಂಬಿ, ತುಕ್ಕು ಹಿಡಿಯದ ಹಾಗೆ ಪ್ರೈಮರ್ ಹೊಡೆದು, ಆಮೇಲೆ ಮೇಲೆ ಅಗಲದ ಪಟ್ಟಿ ಕೂಡಿಸಬೇಕು. ಈ "ಮತ್ತೆ ಸೇರಿಸಿ" ಅನ್ನೋ ಕೆಲಸ ಕಣ್ಣಿಗೆ ಕಾಣಲ್ಲ. ಅದಕ್ಕೇ ಬಹಳ ಕಡೆ ಅದನ್ನು ಬಿಟ್ಟಿರ್ತಾರೆ. ಮೇಲೆ ಫೈಬರ್ ಪಟ್ಟಿ, ಒಳಗೆ ಬಾಯಿ ತೆರೆದ ತಗಡು. ಎರಡು ಮಳೆಗಾಲ ಕಳೆದರೆ ಡಿಕ್ಕಿ ಒಳಗೆ ನೀರು.

ನಮ್ಮ ಕಡೆಯ ಒಬ್ಬ ಹಳೇ ಉಸ್ತಾದ್ ಇದ್ದಾರೆ. ಲಾರಿ, ಜೀಪು, ಟಂಟಂ ಎಲ್ಲದರ ತಗಡಿನ ಕೆಲಸ ಮಾಡಿದ ಕೈ. ಒಳ್ಳೇ ಕೆಲಸ ಹೆಂಗ ಗುರುತು ಹಿಡೀಬೇಕು ಅಂತ ಕೇಳಿದ್ದೆ. "ಮ್ಯಾಲೆ ನೋಡಬ್ಯಾಡಪ್ಪಾ, ಮ್ಯಾಲೆ ಪುಟ್ಟಿ ಹಚ್ಚಿ ಪೇಂಟ್ ಹೊಡದ್ರ ಎಲ್ಲಾ ಚಂದನೇ ಕಾಣ್ತದ. ಒಳಗ ಕೈ ಹಾಕು. ಆಮ್ಯಾಲ ಹಿಂದ ಮೂರು ಮಂದಿ ಕೂಡಿಸಿ, ಡಿಕ್ಕ್ಯಾಗ ಒಂದು ತೊಗರಿ ಚೀಲ ಹಾಕಿ ತಗ್ಗಿನ್ಯಾಗ ಇಳಿಸಿ ನೋಡು" ಅಂದರು. ಈ ವಿಷಯದ ಬಗ್ಗೆ ಇಂಗ್ಲಿಷಿನಲ್ಲಿ ಓದಿದ ಎಷ್ಟೋ ಪುಟಗಳಿಗಿಂತ ಈ ಮಾತು ದೊಡ್ಡದು ಅನ್ನಿಸಿತು. ಖಾಲಿ ನಿಂತ ಕಾರಿನಲ್ಲಿ ಟೈರಿಗೂ ಕಮಾನಿಗೂ ಇರೋ ಜಾಗ ಸುಳ್ಳು ಜಾಗ. ಭಾರ ಬಿದ್ದಾಗ, ತಗ್ಗಿಗೆ ಇಳಿದಾಗ ಗಾಲಿ ಮೇಲೆ ಬರುತ್ತೆ. ಆಗ ಅಂಚು ಟೈರಿನ ಪಕ್ಕೆಯನ್ನು ಕುಯ್ಯುತ್ತೆ. ನಮ್ಮ ಊರ ಕಡೆ ಕಾರು ಖಾಲಿ ಹೋಗೋದು ಅಪರೂಪ. ಮನೆಮಂದಿಯೆಲ್ಲಾ ಕೂತು, ಮೇಲೆ ಚೀಲ ಹಾಕ್ಕೊಂಡೇ ಹೋಗೋದು.

ಇಷ್ಟೆಲ್ಲಾ ಮಾಡಿ ಅಗಲದ ಗಾಲಿ ಯಾಕೆ ಬೇಕು? ಅಗಲ ಟೈರ್ ಹಾಕಿದರೆ ನೆಲಕ್ಕೆ ತಾಗೋ ಜಾಗ ಜಾಸ್ತಿ ಆಗುತ್ತೆ ಅಂತ ಬಹಳ ಮಂದಿ ನಂಬಿದ್ದಾರೆ. ಲೆಕ್ಕ ಮಾಡಿ ನೋಡಿ. ಒಂದು ಗಾಲಿಯ ಮೇಲೆ 300 ಕೆಜಿ ಭಾರ, ಟೈರಿನಲ್ಲಿ 30 ಪಿಎಸ್ಐ ಗಾಳಿ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆಜಿ. ಭಾಗಿಸಿದರೆ 143 ಚದರ ಸೆಂಟಿಮೀಟರ್. ಟೈರ್ ಅಗಲವಿರಲಿ, ಸಣ್ಣದಿರಲಿ, ಭಾರ ಮತ್ತು ಗಾಳಿ ಅಷ್ಟೇ ಇದ್ದರೆ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗೋದು ಆಕಾರ. ಉದ್ದ ಸಣ್ಣ ಗುರುತು ಹೋಗಿ ಅಡ್ಡ ಅಗಲದ ಗುರುತು ಆಗುತ್ತೆ. ಒಣ ಡಾಂಬರಿನ ಮೇಲೆ ತಿರುವಿನಲ್ಲಿ ಅದರಿಂದ ಹಿಡಿತ ಹೆಚ್ಚುತ್ತೆ, ಅದು ಖರೇ. ರೇಸಿನವರು ಅದಕ್ಕೇ ಹಾಕ್ತಾರೆ. ಆದರೆ ನಿಂತ ನೀರಿನ ಮೇಲೆ ಜೋರಾಗಿ ಹೋದರೆ ಅಗಲ ಟೈರ್ ಬೇಗ ತೇಲುತ್ತೆ. ಗಾಲಿ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಒತ್ತಡ ಹೆಚ್ಚು. ಮೈಲೇಜೂ ಇಳಿಯುತ್ತೆ. ಹಾಗಾಗಿ ಅಗಲದ ಗಾಲಿ ಅನ್ನೋದು ಒಂದು ಕೊಟ್ಟು ಇನ್ನೊಂದು ತಗೊಳ್ಳೋ ವ್ಯವಹಾರ. ಏನು ಕೊಟ್ಟೆ, ಏನು ತಗೊಂಡೆ ಅಂತ ಹೇಳೋಕೆ ಬಂದರೆ ಆ ಕೆಲಸಕ್ಕೆ ಅರ್ಥ ಇದೆ.

ಅಂಥ ಅರ್ಥ ಇರೋ ಕೆಲಸಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ, ನಾವೆಲ್ಲ ನೋಡಿದ್ದೇ. ಮಾರುತಿ ಜಿಪ್ಸಿ. ಪೊಲೀಸರದ್ದು, ಅರಣ್ಯ ಇಲಾಖೆಯದ್ದು, ಮಿಲಿಟರಿಯದ್ದು ಅಂತ ಊರಿಗೆ ಬಂದಾಗಲೆಲ್ಲ ಹುಡುಗರು ಹಿಂದೆ ಓಡಿದ ಗಾಡಿ. 1985ರಲ್ಲಿ ಬಂದ ಮೊದಲ ಜಿಪ್ಸಿ ಎತ್ತರ, ಆದರೆ ಮೈ ಸಣ್ಣದು. 1993ರಲ್ಲಿ ಕಂಪನಿ ಅದರ ಎಡಗಾಲಿ ಬಲಗಾಲಿಗಳ ನಡುವಿನ ಅಂತರವನ್ನು ಮುಂದೆಯೂ ಹಿಂದೆಯೂ 90 ಮಿಲಿಮೀಟರ್ ಹೆಚ್ಚಿಸಿತು. ಮುಂದೆ 1300, ಹಿಂದೆ 1310 ಆಯಿತು. ಬಾಡಿ ಮಾತ್ರ ಮೊದಲಿನದೇ. ಹಂಗಾದರೆ ಹೊರಗೆ ಬಂದ ಗಾಲಿಯನ್ನು ಮುಚ್ಚೋದು ಹೇಗೆ? ಕಮಾನುಗಳ ಮೇಲೆ ಬಾಡಿಯ ಬಣ್ಣದ್ದೇ ಉಬ್ಬು ಪಟ್ಟಿ ಬಂತು. ಹಳೇ ಜಿಪ್ಸಿ ಯಾವುದು, ಹೊಸದು ಯಾವುದು ಅಂತ ದೂರದಿಂದ ಗುರುತು ಹಿಡಿಯೋದೇ ಆ ಪಟ್ಟಿಯಿಂದ.

ಆ ಪಟ್ಟಿಯನ್ನು ನಾನು ಒಳ್ಳೇ ವಿನ್ಯಾಸ ಅಂತ ಯಾಕೆ ಹೇಳ್ತೀನಿ ಅಂದರೆ, ಅದರಲ್ಲಿ ಒಂದು ಮಿಲಿಮೀಟರೂ ಶೋಕಿಗೆ ಅಂತ ಇಲ್ಲ. ಎತ್ತರದ ಗಾಡಿ ತಿರುವಿನಲ್ಲಿ ಕಡಿಮೆ ವಾಲಬೇಕು, ಅದಕ್ಕೆ ಗಾಲಿ ಹೊರಗೆ ಹೋಯಿತು. ಗಾಲಿ ಹೋದಲ್ಲಿಗೆ ಮಡ್‌ಗಾರ್ಡ್ ಹೋಯಿತು. ಅಷ್ಟೇ. ಅದೇ ಸಪಾಟು ಬಾಗಿಲು, ಅದೇ ನೆಟ್ಟಗಿನ ಗಾಜು, ಕೆಳಗೆ ಮಾತ್ರ ಗಟ್ಟಿಯಾಗಿ ಕಾಲೂರಿದ ನಿಲುವು. ಕರ್ನಾಟಕದ ಕೆ-1000 ಥರದ ರ‍್ಯಾಲಿಗಳಲ್ಲಿ ಓಡಿದ ಗಾಡಿ ಇದು. ಚಂದ ಕಾಣಲಿ ಅಂತ ಮಾಡಿದ್ದಲ್ಲ, ಆದರೂ ಚಂದ ಕಾಣ್ತದೆ.

ಹೊರದೇಶದಲ್ಲಿ ಇದೇ ಮಾತಿಗೆ ಎರಡು ಪ್ರಸಿದ್ಧ ಸಾಕ್ಷಿ ಇವೆ. ಒಂದು ಜಪಾನಿನ ನಿಸ್ಸಾನ್ ಸ್ಕೈಲೈನ್. ಅದರ ಹಿಂಭಾಗದ ಪಕ್ಕೆಯಲ್ಲಿ ಗಾಲಿಯ ಮೇಲಿಂದ ಹಿಂದಕ್ಕೆ ಹರಿಯೋ ಒಂದು ಗೆರೆ ಇತ್ತು. ಅಲೆಯ ಹಾಗೆ ಕಾಣ್ತದೆ ಅಂತ ಅದಕ್ಕೆ ಸರ್ಫ್ ಲೈನ್ ಅಂತಲೇ ಹೆಸರು. ಕಾರಿನ ಗುರುತೇ ಆ ಗೆರೆ. 1969ರಲ್ಲಿ ರೇಸಿಗೆ ಅಂತ ಜಿಟಿ-ಆರ್ ಮಾಡುವಾಗ ಅಗಲದ ಟೈರಿಗೆ ಜಾಗ ಬೇಕಾಗಿ, ಕಂಪನಿ ತಾನೇ ಆ ಗೆರೆಯನ್ನು ಕಡಿದು ಕಮಾನು ದೊಡ್ಡದು ಮಾಡಿತು. ಮುಂದಿನ ವರ್ಷದ ಎರಡು ಬಾಗಿಲಿನ ಮಾದರಿಗೆ ಹಿಂದಿನ ಕಮಾನಿನ ಮೇಲೆ ಕಪ್ಪು ಪಟ್ಟಿಗಳನ್ನು ಕೂಡಿಸಿತು. ಇವತ್ತು ಜಗತ್ತಿನಾದ್ಯಂತ ಹುಡುಗರು ಕಮಾನಿನ ಮೇಲೆ ಬೋಲ್ಟ್ ಕಾಣೋ ಪಟ್ಟಿ ಹಾಕಿಸ್ಕೊಳ್ತಾರಲ್ಲ, ಆ ರೂಢಿಯ ಹಳೇ ಬೇರುಗಳಲ್ಲಿ ಇದೂ ಒಂದು.

ಇನ್ನೊಂದು 1986ರ ಬಿಎಂಡಬ್ಲ್ಯೂ ಎಂ3. ರೇಸಿನ ನಿಯಮದ ಪ್ರಕಾರ ಹನ್ನೆರಡು ತಿಂಗಳಲ್ಲಿ 5000 ಕಾರು ಮಾಡಿ ತೋರಿಸಿದರೆ ಮಾತ್ರ ಆ ಮಾದರಿಯನ್ನು ಟ್ರ್ಯಾಕಿಗೆ ಇಳಿಸಬಹುದಿತ್ತು. ಅದಕ್ಕೆ ಸಾದಾ 3 ಸೀರೀಸಿನ ಮಡ್‌ಗಾರ್ಡುಗಳನ್ನು ಡಬ್ಬಿಯ ಹಾಗೆ ಚೌಕವಾಗಿ ಉಬ್ಬಿಸಿ ರಸ್ತೆಯ ಕಾರಿಗೇ ಹಾಕಿದರು. ಹೊರಮೈಯ ಹಾಳೆಗಳಲ್ಲಿ ಬಾನೆಟ್ ಮತ್ತು ಛಾವಣಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲಾ ಹೊಸದೇ. ಪಟ್ಟಿ ಅಂಟಿಸಿದ ಹಾಗೆ ಕಾಣದೆ, ಆ ಕಾರು ಹುಟ್ಟಿದ್ದೇ ಹೀಗೆ ಅನ್ನಿಸುತ್ತೆ.

ಈಗ ಎದುರಿನ ಸಾಲು ನೋಡಿ. 2013ರಿಂದ 2015ರ ನಡುವೆ ನಮ್ಮ ದೇಶದಲ್ಲಿ ಕ್ರಾಸ್ ಪೋಲೋ, ಎಟಿಯೋಸ್ ಕ್ರಾಸ್, ಐ20 ಆಕ್ಟಿವ್ ಅಂತ ಸಾಲಾಗಿ ಕಾರು ಬಂದವು. ಸಾದಾ ಹ್ಯಾಚ್‌ಬ್ಯಾಕೇ, ಕಮಾನುಗಳ ಸುತ್ತ ಕಪ್ಪು ಪ್ಲಾಸ್ಟಿಕ್. ಆ ಪ್ಲಾಸ್ಟಿಕ್ಕಿನ ಕೆಳಗೆ ಹೊರಗೆ ಬಂದ ಅಗಲದ ಗಾಲಿ ಇಲ್ಲ. ಜೀಪಿನ ನೆನಪನ್ನು ಮಾರಾಟ ಮಾಡೋಕೆ ಹಾಕಿದ ಪಟ್ಟಿ ಅದು. ಕುದುರೆ ಇಲ್ಲದವನು ಜೀನು ಹೊತ್ತುಕೊಂಡು ತಿರುಗಿದ ಹಾಗೆ. ಆದರೆ ಒಂದು ಮಾತು ಒಪ್ಪಬೇಕು. ಅದರಿಂದ ರಸ್ತೆ ಮೇಲಿನ ಇನ್ನೊಬ್ಬರಿಗೆ ಏನೂ ತೊಂದರೆ ಇಲ್ಲ. ಗಾಲಿ ಇಲ್ಲದ ಮಡ್‌ಗಾರ್ಡ್ ಬರೀ ಸುಳ್ಳು. ಮಡ್‌ಗಾರ್ಡ್ ಇಲ್ಲದ ಗಾಲಿ ಅಪಾಯ.

ನನ್ನ ತಕರಾರು ಇರೋದು ಈ ಎರಡನೇದರ ಮೇಲೆ. ಊರ ಕಡೆ ನಾನು ನೋಡಿದ ಅಗಲ ಗಾಲಿಗಳಲ್ಲಿ ಹೆಚ್ಚಿನವು ಮಡ್‌ಗಾರ್ಡ್ ದಾಟಿ ಎರಡು ಬೆರಳು, ಮೂರು ಬೆರಳು ಹೊರಗೆ ಇಣುಕ್ತಿರ್ತವೆ. ಕಮಾನು ಕೊರೆದಿದ್ದು ಟೈರ್ ತಾಗಬಾರದು ಅಂತ ಮಾತ್ರ, ಟೈರನ್ನು ಮುಚ್ಚೋ ಕೆಲಸ ಅಲ್ಲಿಗೇ ಬಿಟ್ಟಿರ್ತಾರೆ. ಕೇಳಿದರೆ ಲುಕ್ಕೇ ಅದು ಅಂತಾರೆ.

ಮಡ್‌ಗಾರ್ಡ್ ಅನ್ನೋ ಹೆಸರನ್ನೇ ನೋಡಿ. ಕೆಸರು ತಡೆಯೋದು. ಯಾರ ಮೇಲೆ ಬೀಳೋ ಕೆಸರು? ಡ್ರೈವರ್ ಗಾಜು ಏರಿಸಿ ಒಳಗೆ ಕೂತಿರ್ತಾನೆ, ಹಿಂದಿನ ಗಾಲಿಯ ಕೆಸರು ಅವನಿಗೆ ತಾಕೋದೇ ಇಲ್ಲ. ಅದು ಬೀಳೋದು ಹಿಂದೆ ಬೈಕಿನ ಮೇಲೆ ಬರೋನ ಮುಖಕ್ಕೆ, ಪಕ್ಕದಲ್ಲಿ ನಡೆದು ಹೋಗೋರ ಮೈಗೆ. ಕಾರಿನಲ್ಲಿ ಮಾಲೀಕ ತನ್ನ ದುಡ್ಡು ಕೊಟ್ಟು, ಪೂರಾ ಬೇರೆಯವರ ಸಲುವಾಗಿ ಇಟ್ಟುಕೊಂಡ ಭಾಗಗಳು ಕೆಲವೇ. ಹಿಂದಿನ ಮಡ್‌ಗಾರ್ಡ್ ಅದರಲ್ಲೊಂದು.

ಯುರೋಪಿನಲ್ಲಿ 1978ರಷ್ಟು ಹಿಂದೆಯೇ ಇದನ್ನು ನಿಯಮವಾಗಿ ಬರೆದಿಟ್ಟರು. ಗಾಲಿಯ ನಡುಮಧ್ಯದಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿ. ಅಷ್ಟು ಭಾಗದಲ್ಲಿ ಮಡ್‌ಗಾರ್ಡಿನ ಅಗಲ ಟೈರಿನ ಪೂರ್ತಿ ಅಗಲವನ್ನು ಮುಚ್ಚಬೇಕು. ಯಾಕೆ ಅಂತಲೂ ಅಲ್ಲೇ ಹೇಳಿದ್ದಾರೆ: ಸಿಡಿಯೋ ಕಲ್ಲು, ಕೆಸರು, ನೀರು, ಹಿಮದಿಂದ ಮತ್ತು ತಿರುಗೋ ಗಾಲಿ ತಾಗೋದರಿಂದ ರಸ್ತೆಯ ಇತರರನ್ನು ಕಾಪಾಡೋಕೆ. ಹಿಂದಕ್ಕೆ ಜಾಸ್ತಿ ಡಿಗ್ರಿ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ನೆಲದಿಂದ ಎತ್ತಿಕೊಂಡ ಕಲ್ಲನ್ನು ಗಾಲಿ ತನ್ನ ಹಿಂದಿನ ಬದಿಯಿಂದಲೇ ಮೇಲಕ್ಕೆ ಹೊತ್ತು ತಂದು ಎಸೆಯುತ್ತೆ.

ಈ ಕಲ್ಲಿನ ಮಾತು ನಮ್ಮ ಭಾಗಕ್ಕೆ ಹೊರದೇಶದ ಸುದ್ದಿ ಅಲ್ಲ. ಸೇಡಂ, ಮಳಖೇಡ, ವಾಡಿ, ಶಹಾಬಾದ್ ಅಂದರೆ ಸುಣ್ಣದ ಕಲ್ಲಿನ ನಾಡು. ಹಾಸುಗಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಹಗಲೂ ರಾತ್ರಿ ಓಡೋ ಲಾರಿ. ಲಾರಿಯಿಂದ ಉದುರಿದ ಕಡಿ ರಸ್ತೆ ತುಂಬ. ಮಳೆಗಾಲದಲ್ಲಿ ಹೊಲದಿಂದ ಬಂದ ಟ್ರ್ಯಾಕ್ಟರ್ ಬಿಟ್ಟುಹೋದ ಎರೆಮಣ್ಣು ಬೇರೆ. ಇಂಥ ರಸ್ತೆಯಲ್ಲಿ ಒಮ್ಮೆ ಸಂಜೆ ನಮ್ಮ ಕಾಕಾ ಬೈಕಿನಲ್ಲಿ ಬರುವಾಗ, ಮುಂದೆ ಹೋಗ್ತಿದ್ದ ಅಗಲ ಗಾಲಿಯ ಕಾರಿನಿಂದ ಸಿಡಿದ ಕಲ್ಲು ಕಣ್ಣಿನ ಕೆಳಗೆ ಬಡಿಯಿತು. ಮೂರು ಹೊಲಿಗೆ. "ಒಂದು ಬೆರಳು ಮ್ಯಾಲೆ ಬಡದಿದ್ರ ಕಣ್ಣೇ ಹೋಗ್ತಿತ್ತು" ಅಂದರು ಡಾಕ್ಟರು. ಕಾರಿನವನಿಗೆ ಹಿಂದೆ ಏನಾಯ್ತು ಅಂತ ಗೊತ್ತೂ ಆಗಿರಲಿಕ್ಕಿಲ್ಲ. ಗೊತ್ತಾಗೋ ಹಾಗೆ ಅವನ ಕಾರಿನಲ್ಲಿ ಏನೂ ಇಲ್ಲವಲ್ಲ.

ರೈತರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಅಂತರವನ್ನು ಸಾಲಿನ ಅಳತೆಗೆ ತಕ್ಕ ಹಾಗೆ ಬದಲಿಸಬಹುದು. ರಿಮ್ಮು, ಡಿಸ್ಕು ತಿರುವಿ ಹಾಕಿದರೆ ಗಾಲಿ ಹೊರಗೆ ಬರುತ್ತೆ. ಬೆಳೆ ತುಳಿಯಬಾರದು ಅಂತ ಮಾಡೋ ಕೆಲಸ ಅದು. ಆಗ ಮಡ್‌ಗಾರ್ಡ್ ಇದ್ದಲ್ಲೇ ಇರೋದರಿಂದ ಮಣ್ಣು ನೇರ ಮೈಮೇಲೆ ಬರುತ್ತೆ. ಜಾಣ ರೈತ ಹಳೇ ಟೈರಿನ ರಬ್ಬರ್ ಕತ್ತರಿಸಿ ಮಡ್‌ಗಾರ್ಡಿನ ಅಂಚಿಗೆ ಬೋಲ್ಟ್ ಹಾಕಿ ಕಟ್ತಾನೆ. ನೋಡೋಕೆ ಏನೂ ಚಂದ ಇಲ್ಲ. ಆದರೆ ಜಿಪ್ಸಿ ಮಾಡಿದವರ ತರ್ಕವೂ ಈ ರಬ್ಬರ್ ಪಟ್ಟಿಯ ತರ್ಕವೂ ಒಂದೇ: ಗಾಲಿ ಎಲ್ಲಿಗೆ ಹೋಯ್ತೋ ಮಡ್‌ಗಾರ್ಡ್ ಅಲ್ಲಿಗೆ ಹೋಗಬೇಕು.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿ ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು.

ಈ ಕಾನೂನಿನ ಉದ್ದೇಶಕ್ಕೆ ನನ್ನ ವಿರೋಧ ಇಲ್ಲ. ಕಾಕಾನ ಮುಖದ ಹೊಲಿಗೆ ನೋಡಿದ ಮೇಲೆ ಇರೋದಾದರೂ ಹೆಂಗ? ಆದರೆ ವಿಮರ್ಶೆ ಅಂದ ಮೇಲೆ ಕಾನೂನನ್ನೂ ನೋಡಬೇಕಾಗ್ತದೆ. ಒಳಗಿನ ಸಂದಿಗೆ ಸೀಲರ್ ತುಂಬಿ, ಟೈರ್ ಪೂರ್ತಿ ಮುಚ್ಚಿ, ಭಾರ ಹಾಕಿ ಪರೀಕ್ಷೆ ಮಾಡಿದ ಉಸ್ತಾದನ ಕೆಲಸವೂ, ಗ್ರೈಂಡರ್ ತಗೊಂಡು ಅರ್ಧ ಗಂಟೆಯಲ್ಲಿ ಕೊರೆದು ಬಿಟ್ಟ ಕೆಲಸವೂ ಚೆಕ್‌ಪೋಸ್ಟಿನಲ್ಲಿ ಒಂದೇ ದಂಡಕ್ಕೆ ಸಿಗೋ ಹಾಗಿದ್ದರೆ, ಒಳ್ಳೇ ಕೆಲಸಕ್ಕೆ ಜಾಸ್ತಿ ದುಡ್ಡು ಯಾರು ಕೊಡ್ತಾರೆ? ಅಗ್ಗದ್ದೇ ಗೆಲ್ಲುತ್ತೆ. ಕದ್ದುಮುಚ್ಚಿ ಮಾಡೋ ಕೆಲಸಕ್ಕೆ ಬಿಲ್ಲೂ ಇಲ್ಲ, ಗ್ಯಾರಂಟಿಯೂ ಇಲ್ಲ, ಹೆಸರೂ ಇಲ್ಲ. ಜರ್ಮನಿಯಲ್ಲಿ ಇಂಥ ಬದಲಾವಣೆ ಮಾಡಿದವರು ಗಾಡಿಯನ್ನು ಪರಿಣತರ ಮುಂದೆ ನಿಲ್ಲಿಸ್ತಾರೆ. ಅವರು ಅಳೆದು, ತಿರುಗಿಸಿ, ಒಪ್ಪಿದರೆ ದಾಖಲೆಯಲ್ಲಿ ಬರೆದುಕೊಡ್ತಾರೆ, ಇಲ್ಲದಿದ್ದರೆ ವಾಪಸ್. ನಮ್ಮಲ್ಲೂ ಅಂಥ ದಾರಿ ಇದ್ದರೆ ಕೆಟ್ಟ ಕೆಲಸ ಸಿಕ್ಕಿಬೀಳುತ್ತಿತ್ತು, ಒಳ್ಳೇ ಕೈಗೆ ಮರ್ಯಾದೆಯೂ ಸಿಗುತ್ತಿತ್ತು.

ಆ ದಾರಿ ಬರೋವರೆಗೆ ಕಂಪನಿ ಕೊಟ್ಟ ಅಳತೆಯಲ್ಲೇ ಇರೋದು ಸುರಕ್ಷಿತ, ಇದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಕಾರು ಕಣ್ಣಿಗೆ ಬೀಳೋದಂತೂ ನಿಲ್ಲಲ್ಲ. ಹಾಗಾಗಿ ಮುಂದಿನ ಸಲ ಹುಡುಗರ ಗುಂಪಿನ ನಡುವೆ ಅಂಥದ್ದೊಂದು ನಿಂತಿದ್ದರೆ ನೀವೂ ವಿಮರ್ಶಕರಾಗಿ. ಕಮಾನಿನ ಒಳಗೆ ಕೈ ಹಾಕಿ, ತಗಡಿನ ಅಂಚು ಮುಚ್ಚಿದೆಯೋ ಬಾಯಿ ತೆರೆದಿದೆಯೋ ನೋಡಿ. ಭಾರ ಹಾಕಿ ಓಡಿಸಿದ್ದೀಯಾ ಅಂತ ಕೇಳಿ. ಈ ಗಾಲಿಯಿಂದ ಏನು ತಗೊಂಡೆ, ಏನು ಕೊಟ್ಟೆ ಅಂತ ಕೇಳಿ. ಕೊನೆಗೆ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಬೈಕಿನವನು ಬರೋ ಜಾಗದಲ್ಲಿ ನಿಂತು ನೋಡಿ. ಅಲ್ಲಿಂದ ಟೈರಿನ ಹೊರಗಿನ ಅಂಚು ಮೇಲ್ಗಡೆ ಬರಿದಾಗಿ ಕಂಡರೆ, ಆ ಕೆಲಸ ಇನ್ನೂ ಮುಗಿದಿಲ್ಲ ಅಂತ ಮಾಲೀಕನಿಗೆ ಹೇಳಿಯೇ ಬನ್ನಿ.